ಅಮೆರಿಕದ ಪುರಾಣ

ನಮ್ಮ ಮನೆಯಲ್ಲಿ ಸ್ನೇಹಕ್ಕಾಗಿ ಅಳುವುದು ಭಾನುವಾರ ಸಂಜೆಯ ಕೆಲಸವಾಗಿತ್ತು. ಅಳುತ್ತಿದ್ದವರು ನಮ್ಮಪ್ಪ. ಅಳಿಸುತ್ತಿದ್ದುದು ಒಂದು ಹಳೆಯ ಅಮೆರಿಕನ್ ಕಾದಂಬರಿ. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪುಸ್ತಕದ ತಪ್ಪೇನೂ ಇಲ್ಲ, ಅದನ್ನು ಓದಿ ಇಂದಿಗೂ ಕಣ್ಣೊರೆಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಮೊನ್ನೆ ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಅಂಥ ಕೆಲವರು ಕೂತು ಅದರ ಬಗ್ಗೆಯೇ ಮಾತಾಡಿದರು. ಗೆಳೆಯನಿಗಾಗಿ ಎಲ್ಲವನ್ನೂ ಬಿಟ್ಟುಕೊಡುವ ಆ ಮನುಷ್ಯನಂಥವರು ಈಗ ಎಲ್ಲಿದ್ದಾರೆ ಎಂದು ಒಬ್ಬರು ಕೇಳಿದರು. ಅದೇ ವಾರ ಮನೆಗೆಲಸದವರ ಲಿಫ್ಟ್ ಬೇರೆ ಇರಬೇಕೆಂದು ಸಭೆಯಲ್ಲಿ ಕೈ ಎತ್ತಿದವರು ಅವರು. ಇನ್ನೊಬ್ಬರ ಗಂಟಲು ಕಟ್ಟಿತು. ನನ್ನ ಸರದಿ ಬಂದಾಗ ನನಗೂ ಗಂಟಲು ಸರಿಯಿಲ್ಲ ಎಂದು ಹೇಳಿ ಎದ್ದು ಬಂದೆ. ಗಂಟಲು ಸರಿಯಾಗಿಯೇ ಇತ್ತು. ಆ ಕಥೆಯನ್ನು ನನಗೆ ಮೊದಲು ಹೇಳಿದವರ ಮುಖ ನೆನಪಾಗಿ ಅಲ್ಲಿ ಕೂಡಲಾಗಲಿಲ್ಲ. ಅರವತ್ತು ದಾಟಿದ ಮೇಲೂ ಹೀಗೆ ಎದ್ದು ಬರಬೇಕಾಗುತ್ತದೆ ಎಂದರೆ ಅದನ್ನು ಬರೆದಿಡುವುದೇ ಒಳ್ಳೆಯದು. ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಮನೆ ಕಾಚಿಗುಡದ ಒಂದು ಗಲ್ಲಿಯಲ್ಲಿತ್ತು. ಮೂರು ಕೋಣೆ, ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು. ಮುಂದಿನದು ಪಡಸಾಲೆ, ಅದು ಅಪ್ಪನದು. ಎರಡು ಬೆತ್ತದ ಕುರ್ಚಿ, ಗೋಡೆಗೆ ಒತ್ತಿದ ಮಂಚ, ಗೂಡಿನಲ್ಲಿ ರೇಡಿಯೊ. ನಡುವಿನದು ಅಪ್ಪನ ತಾಯಿಯದು, ಆಕೆಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಯ ಜೊತೆ ಅಲ್ಲಿ ಟ್ರಂಕುಗಳು, ಹಾಸಿಗೆಯ ಸುರುಳಿಗಳು ಮತ್ತು ನಾನು ಇರುತ್ತಿದ್ದೆವು. ಕಡೆಯದು ಅಡುಗೆಮನೆ, ಅವ್ವನದು. ಅದರ ಹಿಂದೆ ನಲ್ಲಿಯ ಕಟ್ಟೆ, ಅಷ್ಟೇ ಅಗಲದ ಆಕಾಶ. ನಮ್ಮದು ಬೀದರ ಕಡೆಯ ಮನೆತನ. ಅಪ್ಪ ಅಬಿಡ್ಸಿನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಹೊಸ್ತಿಲಾಚೆ ತೆಲುಗು, ಉರ್ದು, ಹೊಸ್ತಿಲೊಳಗೆ ಕನ್ನಡ. ಅವ್ವ ಮದುವೆಯಾಗಿ ಈ ಊರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಆಕೆಯ ತೆಲುಗು ಕಾಯಿಪಲ್ಲೆಯ ಗಾಡಿಯ ಹತ್ತಿರ ನಿಂತುಬಿಟ್ಟಿತ್ತು. ಪಡಸಾಲೆಗೆ ಆಕೆ ಕಸ ಗುಡಿಸಲು ಬರುತ್ತಿದ್ದಳೇ ಹೊರತು ಕೂಡಲು ಬರುತ್ತಿರಲಿಲ್ಲ. ಕೂಡಬೇಡ ಎಂದು ಯಾರೂ ಹೇಳಿರಲಿಲ್ಲ. ಹೇಳದೆಯೇ ನಡೆಯುತ್ತಿದ್ದ ಕಾಯಿದೆಗಳಲ್ಲಿ ಅದೂ ಒಂದು. ವಾರಕ್ಕೊಮ್ಮೆ, ಭಾನುವಾರ ಸಂಜೆ, ಆ ಕಾಯಿದೆ ಸಡಿಲವಾಗುತ್ತಿತ್ತು. ಆಗ ಪಡಸಾಲೆಯಲ್ಲಿ ಅಮೆರಿಕದ ಪುರಾಣ ನಡೆಯುತ್ತಿತ್ತು.

ಪುರಾಣವೆಂಬುದು ಆಯಿಯ ಹಟದಿಂದ ಹುಟ್ಟಿದ್ದು. ಆಕೆಯ ಊರಿನ ಮಠದಲ್ಲಿ ಶ್ರಾವಣಮಾಸವಿಡೀ ಪುರಾಣ ಹಚ್ಚುತ್ತಿದ್ದರಂತೆ. ವ್ಯಾಸಪೀಠದ ಮೇಲೆ ಗ್ರಂಥ, ಪಕ್ಕಕ್ಕೆ ದೀಪ, ಎದುರಿಗೆ ಊರು. ಒಮ್ಮೆ ಶುರುವಾಯಿತೆಂದರೆ ಮಂಗಳಾರತಿಯಾಗುವ ತನಕ ಯಾರೂ ಏಳುವಂತಿಲ್ಲ, ನಡುವೆ ಎದ್ದವರಿಗೆ ಕೇಳಿದ ಪುಣ್ಯವೂ ಹೋಗಿ ಮೇಲೆ ಪಾಪ ಬೇರೆ. ಇಲ್ಲಿ ಅದೆಲ್ಲ ಇಲ್ಲವೆಂದು ಆಯಿ ಪ್ರತಿ ಶ್ರಾವಣದಲ್ಲೂ ಮುಖ ಊದಿಸಿಕೊಂಡು ಕೂಡುತ್ತಿದ್ದಳು. ಅಪ್ಪನಿಗೆ ಪುರಾಣವೆಂದರೆ ತಾತ್ಸಾರ. ತಾನು ಇಂಗ್ಲಿಷ್ ಓದುವವನೆಂಬ ಹೆಮ್ಮೆ ಅವರಿಗೆ ಅಂಗಿಯ ಕಾಲರಿನಷ್ಟೇ ಗಟ್ಟಿಯಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅಬಿಡ್ಸಿನ ಫುಟ್‌ಪಾತಿನ ಪುಸ್ತಕದ ರಾಶಿಯಿಂದ ಆ ಕಾದಂಬರಿಯನ್ನು ತಂದರು. ಎರಡು ದಿನ ಊಟದ ಹೊತ್ತಿನಲ್ಲಿ ಅದರದೇ ಹೊಗಳಿಕೆ. ಆಯಿ ಕೇಳಿ ಕೇಳಿ ಸಾಕಾಗಿ ಅಂದಳು:

“ಅಷ್ಟ ಛಲೋ ಐತಿ ಅಂದ್ರ ನಮಗೂ ಓದಿ ಹೇಳಪಾ.”

“ನಿನಗ ತಿಳಿಯಂಗಿಲ್ಲ ಯವ್ವಾ. ಅದು ಅಮೆರಿಕಾದ್ದು.”

“ಯಾಕ, ಅಮೆರಿಕಾದಾಗ ಮಂದಿ ಇರಂಗಿಲ್ಲೇನು? ಹಚ್ಚು ಪುರಾಣ.”

ಹೀಗೆ ಹಚ್ಚಿದ್ದು. ಆಯಿ ಟ್ರಂಕಿನಿಂದ ವ್ಯಾಸಪೀಠ ತೆಗೆದಳು, ದೀಪ ಇಟ್ಟಳು, ಕಾದಂಬರಿಯ ರಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದಳು. ಅಪ್ಪ ನಕ್ಕರು, ಆದರೆ ಬೇಡವೆನ್ನಲಿಲ್ಲ. ಕಾಲು ಮಡಿಸಿ ಕೂತು, ಎದುರಿಗೆ ಕೇಳುವವರು ಕೂತರೆ ಯಾವ ಗುಮಾಸ್ತನಿಗಾದರೂ ಬೆನ್ನು ನೆಟ್ಟಗಾಗುತ್ತದೆ. ಒಂದು ವಾಕ್ಯವನ್ನು ತುಟಿಯಲ್ಲೇ ಇಂಗ್ಲಿಷಿನಲ್ಲಿ ಓದಿಕೊಂಡು, ಆಮೇಲೆ ಅದನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಿದ್ದರು. ಆ ಕನ್ನಡ ನಮ್ಮ ಮನೆಯದಾಗಿರಲಿಲ್ಲ. ‘ಆತನು ಧೈರ್ಯದಿಂದ ಮುಂದಡಿಯಿಟ್ಟನು’ ಎನ್ನುವಂಥ ಗ್ರಂಥದ ಕನ್ನಡ. ಆ ಭಾಷೆಯಲ್ಲಿ ನಮ್ಮಪ್ಪ ಬಹಳ ಧೈರ್ಯಸ್ಥರು. ಕಥೆ ಇಬ್ಬರು ಗೆಳೆಯರದು. ನದಿಯ ದಂಡೆಯ ಮರ ಕೊಯ್ಯುವ ಕಾರ್ಖಾನೆಯಲ್ಲಿ ಇಬ್ಬರೂ ಕೂಲಿಗಳು. ಅವರ ಹೆಸರು ಆಯಿಯ ನಾಲಗೆಗೆ ಹತ್ತಲಿಲ್ಲ. ಅದಕ್ಕೇ ಒಬ್ಬನನ್ನು ದೊಡ್ಡಾವ, ಇನ್ನೊಬ್ಬನನ್ನು ಸಣ್ಣಾವ ಎಂದು ಕರೆದಳು, ನಮಗೆಲ್ಲ ಅದೇ ಹೆಸರಾಯಿತು. ಇಬ್ಬರೂ ಒಬ್ಬರಿಗೊಬ್ಬರು ಏನಾದರೂ ಒಳ್ಳೆಯದು ಮಾಡಿದಾಗಲೆಲ್ಲ ಅಪ್ಪನ ದನಿ ಒಡೆಯುತ್ತಿತ್ತು. ಕನ್ನಡಕ ತೆಗೆದು ಒರೆಸಿ, ‘ಜೀವನಕ್ಕಿಂತ ಇದು ಖರೆ’ ಎನ್ನುತ್ತಿದ್ದರು. ನಾನು ನಂಬಿದ್ದೆ. ಹನ್ನೆರಡರ ವಯಸ್ಸಿನಲ್ಲಿ ಅಳುವ ಗಂಡಸನ್ನು ಯಾರಾದರೂ ನಂಬುತ್ತಾರೆ.

ಕೇಳುವವರು ನಾವು ಮೂವರು ಹೆಂಗಸರು, ಮತ್ತೆ ಮಲ್ಲಪ್ಪ ಕಾಕಾ. ಕಾಕಾ ಅಪ್ಪನ ಬಾಲ್ಯದ ಗೆಳೆಯರು. ಒಂದೇ ಊರು, ಒಂದೇ ಶಾಲೆ, ಈಗ ಒಂದೇ ಕಚೇರಿ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾಂಪಲ್ಲಿಯಲ್ಲಿ ಒಂದು ಖೋಲಿ ಹಿಡಿದಿದ್ದರು. ಪ್ರತಿ ಭಾನುವಾರ ಇರಾನಿ ಹೋಟೆಲಿನ ಬಿಸ್ಕೀಟಿನ ಪೊಟ್ಟಣ ಹಿಡಿದು ಬರುತ್ತಿದ್ದರು, ಆಯಿ ಅದನ್ನು ಅಡುಗೆಮನೆಯೊಳಗೆ ಬಿಡುತ್ತಿರಲಿಲ್ಲ, ನಾನು ಹೊಸ್ತಿಲ ಹೊರಗೇ ತಿಂದು ಮುಗಿಸುತ್ತಿದ್ದೆ. ಅಪ್ಪ ಅವರಿಗೆ ‘ಮಲ್ಯಾ’, ಅವರು ಅಪ್ಪನಿಗೆ ‘ಬಸ್ಯಾ’. ಅವ್ವನಿಗೆ ‘ವೈನಿ’, ಅಂದರೆ ಅತ್ತಿಗೆ. ನನಗೆ ‘ಗೌರಾ ಮೇಡಮ್’. ಅವರ ನಗು ಗಲ್ಲಿಯ ತುದಿಗೆ ಕೇಳುತ್ತಿತ್ತು. ಮಾತೂ ಹಾಗೆಯೇ, ಎಲ್ಲಿದ್ದರೂ ಜೋರು. ಆ ವರ್ಷ ಕಚೇರಿಯಲ್ಲಿ ನೌಕರರ ಮುಷ್ಕರ ನಡೆದಾಗ ಗೇಟಿನ ಮುಂದೆ ಭಾಷಣ ಮಾಡಿದವರಲ್ಲಿ ಕಾಕಾ ಒಬ್ಬರಾಗಿದ್ದು ಅದೇ ದನಿಯ ದೆಸೆಯಿಂದ. ಅಪ್ಪನೂ ಮುಷ್ಕರದಲ್ಲಿದ್ದರು. ಗುಂಪಿನ ಹಿಂದೆ, ಗಿಡದ ನೆರಳಿನಲ್ಲಿ.

ನಾನು ಹೇಳಬೇಕಾದ ಭಾನುವಾರ ಆ ಮುಷ್ಕರದ ನಡುವೆ ಬಂತು. ಅವತ್ತಿನ ಅಧ್ಯಾಯ ನನಗೆ ಇನ್ನೂ ನೆನಪಿದೆ. ಚಳಿಗಾಲದ ನದಿಯಲ್ಲಿ ಸಣ್ಣಾವ ಮರದ ದಿಮ್ಮಿಯಿಂದ ಜಾರಿ ನೀರಿಗೆ ಬೀಳುತ್ತಾನೆ, ದೊಡ್ಡಾವ ಹಾರಿ ಎಳೆಯುತ್ತಾನೆ. ಅರ್ಧದಲ್ಲಿ ಕರೆಂಟು ಹೋಯಿತು. ಅಪ್ಪ ದೀಪದ ಹತ್ತಿರಕ್ಕೆ ಪುಸ್ತಕ ಸರಿಸಿಕೊಂಡು ಮುಂದುವರಿಸಿದರು. ಫ್ಯಾನಿಲ್ಲದೆ ಎಲ್ಲರಿಗೂ ಬೆವರು. ಕಾಕಾ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದರು.

“ಆಯೀ, ಕಾಲು ಜೋಮು ಹಿಡದೈತಿ. ಒಂಚೂರು ಎದ್ದು ಅಡ್ಡಾಡಿ ಬರ್ಲೇನು?”

“ಕಾಲು ಕಡದು ಬಿದ್ರೂ ಮಂಗಳಾರತಿ ತನಕ ಕೂಡ್ರು. ಅಂವ ಅಲ್ಲಿ ಥಂಡಿ ನೀರಾಗ ಬಿದ್ದಾನ, ನಿನಗ ಕಾಲಿನ ಚಿಂತಿ.”

“ಅಂವಗೇನು, ಎಳಿಯಾಕ ದೊಡ್ಡಾವ ಅದಾನ. ನನಗ್ಯಾರದಾರ?”

“ನೀ ಬೀಳು ಮಲ್ಯಾ, ನಾ ಎಳೀತೀನಿ,” ಎಂದರು ಅಪ್ಪ, ಪುಟದಿಂದ ಕಣ್ಣೆತ್ತದೆ.

ಎಲ್ಲರೂ ನಕ್ಕೆವು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಂಗಳಾರತಿಯಾಯಿತು, ಸಕ್ಕರೆ ಕೊಬ್ಬರಿ ಹಂಚಿದ್ದಾಯಿತು. ಕಾಕಾ ಗೋಡೆ ಹಿಡಿದು ಎದ್ದು, ಮರಗಟ್ಟಿದ ಕಾಲನ್ನು ನೆಲಕ್ಕೆ ಬಡಿದು ಬಡಿದು ಕುಣಿದು ನನ್ನನ್ನು ಇನ್ನಷ್ಟು ನಗಿಸಿದರು. ಆಮೇಲೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡು ಹೋದರು. ಇಷ್ಟು ಹೊತ್ತಿನಲ್ಲಿ, ಅಂದರೆ ಅಪ್ಪ ದೀಪದ ಬೆಳಕಿನಲ್ಲಿ ಓದುತ್ತಿದ್ದಾಗ, ಅಬಿಡ್ಸಿನಲ್ಲಿ ಕಚೇರಿಯ ಆವರಣಕ್ಕೆ ಯಾರೋ ನುಗ್ಗಿ ಸಾಹೇಬರ ಕೋಣೆಯ ಗಾಜು ಒಡೆದಿದ್ದರು. ಒಂದು ಕಲ್ಲು ಕಾವಲುಗಾರನ ತಲೆಗೆ ಬಿದ್ದಿತ್ತು. ಕತ್ತಲಲ್ಲಿ ಆತ ಯಾರನ್ನು ಕಂಡನೋ. ದಿನವೂ ಗೇಟಿನಲ್ಲಿ ಕೇಳುತ್ತಿದ್ದ ಜೋರು ದನಿಯವನ ಹೆಸರು ಅವನ ಬಾಯಿಗೆ ಬಂತು. ಸೋಮವಾರ ಮುಷ್ಕರ ಮುರಿದುಬಿತ್ತು, ಕಾಕಾನನ್ನು ಕೆಲಸದಿಂದ ದೂರವಿಟ್ಟು ವಿಚಾರಣೆ ಹಚ್ಚಿದರು. ಅಪರಾಧ ಸಾಬೀತಾದರೆ ನೌಕರಿ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು.

ಕಾಕಾ ಮರುದಿನ ಬೆಳಿಗ್ಗೆ ಬಂದಾಗ ಹೆದರಿದವರಂತೆ ಕಾಣಲಿಲ್ಲ. ಹೆದರಲು ಕಾರಣವೇ ಇರಲಿಲ್ಲವಲ್ಲ.

“ಬಸ್ಯಾ, ನೀ ಒಂದ ಮಾತು ಹೇಳಿದ್ರ ಸಾಕು. ನಿಮ್ಮನ್ಯಾಗ ಇದ್ದೆ ಅಂತ.”

“ಹೇಳ್ತೀನಲೇ. ಅದೇನು ಕೇಳೂ ಮಾತಾ?”

ಗುರುವಾರ ಅಪ್ಪನನ್ನು ವಿಚಾರಣೆಗೆ ಕರೆದರು. ಸಂಜೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರು. ಅವ್ವ ಸಾರು ಬಡಿಸುತ್ತ ಕೇಳಿದಳು.

“ಏನಂದ್ರಿ?”

“ಏನನ್ನೂದು? ನೆನಪಿಲ್ಲ ಅಂದೆ.”

ಅವ್ವನ ಕೈಯ ಸೌಟು ತಟ್ಟೆಯ ಮೇಲೆ ನಿಂತಿತು.

“ನೆನಪಿಲ್ಲ ಅಂದ್ರ? ನಿಮ್ಮ ಎದುರಿಗೆ ಕುಂತಿದ್ರಲ್ರಿ.”

“ಕೆಲವು ಐತವಾರ ಬರ್ತಾನ, ಕೆಲವು ಐತವಾರ ಬರಂಗಿಲ್ಲ. ಆ ಐತವಾರದ್ದು ಪಕ್ಕಾ ನೆನಪಿಲ್ಲ ಅಂದೀನಿ. ಇರಲಿಲ್ಲ ಅಂತ ನಾ ಹೇಳಿಲ್ಲ. ಸುಳ್ಳಿಗೂ ಇದಕ್ಕೂ ಫರಕ್ ಐತಿ.”

“ಯಾವ ಐತವಾರ ಬಂದಿಲ್ಲ ಅವರು?”

“ನಿನಗ ಆಫೀಸಿನ ಮಾತು ತಿಳಿಯಂಗಿಲ್ಲ. ಮುಷ್ಕರದಾಗ ಯಾರು ಯಾರ ಕೂಡ ಇದ್ರು ಅಂತ ಬರಕೊಳ್ಳಾಕತ್ತಾರ. ಬಡ್ತಿ ಬರೂ ಹೊತ್ತಿನ್ಯಾಗ ನನ್ನ ಹೆಸರು ಅವನ ಹೆಸರಿನ ಬಾಜೂಕ ಬ್ಯಾಡ. ಸಾರು ಹಾಕು.”

ಅವ್ವ ಸಾರು ಹಾಕಿದಳು. ಅಪ್ಪ ಉಂಡರು. ಹಸಿವು ಚೆನ್ನಾಗಿಯೇ ಇತ್ತು, ಎರಡನೆಯ ಸಲ ಅನ್ನ ಕೇಳಿದರು. ಮುಂದೆ ನಾನು ಕೋರ್ಟಿನಲ್ಲಿ ದುಭಾಷಿಯಾಗಿ ಕೆಲಸ ಮಾಡಿದವಳು. ‘ನೆನಪಿಲ್ಲ’ ಎಂಬ ಮಾತನ್ನು ಈ ರಾಜ್ಯದ ಎಲ್ಲ ಭಾಷೆಗಳಲ್ಲಿ ಕೇಳಿ, ಎಲ್ಲ ಭಾಷೆಗಳಿಗೆ ತಿರುಗಿಸಿದ್ದೇನೆ. ಮರೆತವರು ಹೇಳುವಾಗ ಅವರ ಮುಖದಲ್ಲಿ ಒಂದು ತಡಕಾಟ ಇರುತ್ತದೆ. ಹೆದರಿದವರು ಹೇಳುವಾಗ ಅದು ಇರುವುದಿಲ್ಲ, ಅವರು ಅದನ್ನು ಮನೆಯಿಂದಲೇ ಇಸ್ತ್ರಿ ಮಾಡಿಕೊಂಡು ಬಂದಿರುತ್ತಾರೆ. ಇದನ್ನು ನನಗೆ ಕಾನೂನಿನ ಯಾವ ಪುಸ್ತಕವೂ ಕಲಿಸಲಿಲ್ಲ. ಆ ಊಟದ ಸಾಲಿನಲ್ಲಿ ಕೂತು ನೋಡಿದೆ.

ಮರು ಭಾನುವಾರ ಪುರಾಣ ನಡೆಯಲಾರದೆಂದು ನಾನು ತಿಳಿದಿದ್ದೆ. ನಡೆಯಿತು. ಬಾಗಿಲ ಪಕ್ಕದ ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಅಪ್ಪ ಆ ಕಡೆ ನೋಡದೆ ವಿಭೂತಿ ಹಚ್ಚಿದ ಪುಸ್ತಕ ತೆರೆದರು. ಕಥೆ ಎಲ್ಲಿಗೆ ಬಂದಿತ್ತೆಂದರೆ, ಕಾರ್ಖಾನೆಗೆ ಬೆಂಕಿ ಬಿದ್ದು, ಸಣ್ಣಾವನೇ ಹಚ್ಚಿದನೆಂದು ಊರವರು ಅವನನ್ನು ಹಿಡಿದು ಕೋರ್ಟಿನಲ್ಲಿ ನಿಲ್ಲಿಸಿರುತ್ತಾರೆ. ದೊಡ್ಡಾವ ಸಾಕ್ಷಿ ಹೇಳಿದರೆ ಅವನ ಕೆಲಸ ಹೋಗುತ್ತದೆ, ಊರೂ ಹೋಗುತ್ತದೆ. ಆದರೂ ಎದ್ದು ನಿಲ್ಲುತ್ತಾನೆ. ‘ಆ ಸಂಜೆ ಅವನು ನನ್ನ ಜೊತೆಯಲ್ಲಿದ್ದನು’ ಎಂದು ಅಪ್ಪ ಗ್ರಂಥದ ಕನ್ನಡದಲ್ಲಿ ಹೇಳಿದರು, ಮತ್ತು ಅತ್ತರು. ಇದು ನಟನೆಯಾಗಿದ್ದರೆ ನನಗೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ. ಕಣ್ಣೀರು ನಿಜವಾಗಿತ್ತು. ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಮಡಿಸಿದ ಕರವಸ್ತ್ರವನ್ನು ಅವರು ಓದಲು ಕೂಡುವ ಮೊದಲೇ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಳು ಬರುವ ಪುಟ ಅವರಿಗೆ ಗೊತ್ತಿತ್ತು. ಅಮೆರಿಕದಲ್ಲಿ ಎಂದೋ ಇದ್ದ, ಇರದೆಯೂ ಇದ್ದಿರಬಹುದಾದ ಒಬ್ಬ ಕೂಲಿಗಾಗಿ ಅವರ ಎದೆ ಕರಗುತ್ತಿತ್ತು. ನಾಂಪಲ್ಲಿಯ ಖೋಲಿಯ ತನಕ ಆ ಕರಗುವಿಕೆ ಹರಿಯಲಿಲ್ಲ, ಅದಕ್ಕೆ ಬಸ್ಸು ಹತ್ತಬೇಕಾಗಿತ್ತು.

ಆಯಿ ಪುರಾಣದ ನಡುವೆ ಎಂದೂ ಬಾಯಿ ಹಾಕಿ ನಿಲ್ಲಿಸಿದವಳಲ್ಲ. ಅವತ್ತು ನಿಲ್ಲಿಸಿದಳು.

“ಬಸಣ್ಣಾ, ದೊಡ್ಡಾವ ಏನಂದ? ಇನ್ನೊಮ್ಮೆ ಹೇಳು.”

“ಆ ಸಂಜೆ ಅವನು ನನ್ನ ಜೊತೆಯಲ್ಲಿದ್ದನು.”

“ಮತ್ತ ನೀ ಯಾಕ ಹಂಗ ಅನಲಿಲ್ಲ?”

ಅಪ್ಪ ಮೂಗು ಒರೆಸಿಕೊಂಡರು.

“ಯವ್ವಾ, ಅದು ಕಥಿ.”

ಮಂಗಳಾರತಿಯಾಗುವ ತನಕ ಎಲ್ಲರೂ ಕೂತಿದ್ದೆವು. ಅವ್ವನೂ ಕೂತಿದ್ದಳು. ಆಕೆ ಗೋಡೆಯ ಹತ್ತಿರದ ಖಾಲಿ ಜಾಗವನ್ನೇ ನೋಡುತ್ತಿದ್ದಳು.

ಮರುದಿನ ಕಾಕಾನ ವಿಚಾರಣೆ ಮತ್ತೆ ಇತ್ತು. ಅಪ್ಪ ಕಚೇರಿಗೆ ಹೋದ ಮೇಲೆ ಅವ್ವ ಇಳಕಲ್ ಸೀರೆ ಉಟ್ಟಳು. ಮದುವೆ ಮುಂಜಿಯ ಸೀರೆ ಅದು. ನನ್ನನ್ನು ಶಾಲೆಗೆ ಹೋಗಬೇಡ ಎಂದಳು. “ನನಗ ತೆಲುಗು ಬರಂಗಿಲ್ಲ. ನಾ ಹೇಳಿದ್ದನ್ನ ನೀ ಹೇಳು. ಒಂದು ಮಾತು ಹೆಚ್ಚು ಬ್ಯಾಡ, ಒಂದು ಮಾತು ಕಮ್ಮಿ ಬ್ಯಾಡ.” ಗಂಡನ ಮಾತಿಗೆ ಎದುರು ಸಾಕ್ಷಿ ಹೇಳಲು ಹೊರಟ ಸೊಸೆಯನ್ನು ಆಯಿ ತಡೆಯುತ್ತಾಳೆಂದು ನಾನು ಕಾದೆ. ಆಯಿ ಎದ್ದು ಅಡುಗೆಮನೆಗೆ ಹೋದಳು. ಕೈ ನಡುಗುವುದರಿಂದ ಒಲೆಯ ಹತ್ತಿರ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

“ಹೋಗಿ ಬಾರವ್ವಾ. ಅನ್ನಕ್ಕ ನಾ ಇಡ್ತೀನಿ.”

ಆಟೊ ಹಿಡಿದು ಹೋದೆವು. ಅಬಿಡ್ಸಿನ ಆ ಕಚೇರಿಯ ಮಹಡಿಯ ಮೇಲೆ ಉದ್ದನೆಯ ಕೋಣೆ, ಹಸಿರು ಬಟ್ಟೆ ಹಾಸಿದ ಮೇಜು, ಅದರ ಹಿಂದೆ ವಿಚಾರಣೆಯ ಅಧಿಕಾರಿ. ಎದುರಿಗೆ ಕಾಕಾ. ನಮ್ಮನ್ನು ಕಂಡು ಕಾಕಾ ಅರ್ಧ ಎದ್ದು ಮತ್ತೆ ಕೂತರು. ಹೊರಗಿನ ವರಾಂಡದಲ್ಲಿ ಕಬ್ಬಿಣದ ಬೀರುಗಳ ಸಾಲಿತ್ತು. ಅದರ ಮರೆಯಲ್ಲಿ ಅಪ್ಪ ನಿಂತದ್ದನ್ನು ನಾನು ಕಂಡೆ, ಅವ್ವ ಕಾಣಲಿಲ್ಲ. ಅವರು ಒಳಗೆ ಬಂದು ತಡೆಯಬಹುದಾಗಿತ್ತು, ಅಥವಾ ಒಳಗೆ ಬಂದು ನಿಜ ಹೇಳಬಹುದಾಗಿತ್ತು. ಎರಡಕ್ಕೂ ಬೇಕಾದ ಧೈರ್ಯ ಒಂದೇ ಅಳತೆಯದು. ಅವರು ಬೀರಿನ ಹಿಂದೆಯೇ ನಿಂತರು.

ಅಧಿಕಾರಿ ಕೆಟ್ಟವರಾಗಿರಲಿಲ್ಲ. ಅವ್ವನಿಗೆ ಕುರ್ಚಿ ಕೊಡಿಸಿದರು. ಅವ್ವ ಕೂಡಲಿಲ್ಲ. ಹೇಳಿದಳು, ನಾನು ತೆಲುಗಿನಲ್ಲಿ ಹೇಳಿದೆ. ಆ ಭಾನುವಾರ ಕರೆಂಟು ಹೋದಾಗಲೂ ಬಂದಾಗಲೂ ಮಲ್ಲಪ್ಪನವರು ನಮ್ಮ ಮನೆಯಲ್ಲಿದ್ದರು, ಊಟ ಮಾಡಿಯೇ ಹೋದರು.

“ನಡುವೆ ಎದ್ದು ಹೋಗಿ ಬಂದಿದ್ದರೆ ನಿಮಗೆ ಹೇಗೆ ತಿಳಿಯುತ್ತೆ, ಅಮ್ಮಾ?” ಅಧಿಕಾರಿ ತೆಲುಗಿನಲ್ಲಿ ಕೇಳಿದರು. ನಾನು ಅವ್ವನಿಗೆ ಹೇಳಿದೆ.

“ಏಳಂಗಿಲ್ರಿ. ಪುರಾಣ ನಡದಾಗ ನಮ್ಮನ್ಯಾಗ ಮಂಗಳಾರತಿ ತನಕ ಯಾರೂ ಏಳಂಗಿಲ್ಲ.”

“ಯಾವ ಪುರಾಣ?”

“ಅಮೆರಿಕಾದ್ದು.”

ಇದನ್ನು ತೆಲುಗಿಗೆ ತಿರುಗಿಸುವಾಗ ನನಗೆ ಗೊತ್ತಾಯಿತು, ಇದು ನಮ್ಮ ಮನೆಯ ಹೊಸ್ತಿಲು ದಾಟಿ ಬರುವ ಮಾತಲ್ಲ ಎಂದು. ಆದರೂ ಹೇಳಿದೆ. ಮೇಜಿನ ಪಕ್ಕದ ಗುಮಾಸ್ತನೊಬ್ಬ ಮೊದಲು ನಕ್ಕ, ಆಮೇಲೆ ಅಧಿಕಾರಿ ನಕ್ಕರು. “ಅಮೆರಿಕಾ ಪುರಾಣಮಾ? ಮಂಗಳಹಾರತಿ ಕೂಡಾನಾ?” ಎಂದರು. ನಾನು ಇಂಗ್ಲಿಷ್ ಕಾದಂಬರಿ, ವ್ಯಾಸಪೀಠ, ವಿಭೂತಿ ಎಲ್ಲವನ್ನೂ ವಿವರಿಸಿದೆ. ವಿವರಿಸಿದಷ್ಟೂ ನಗು ಹೆಚ್ಚಾಯಿತು. ಅವ್ವ ನಗುವವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಕೆಗೆ ಅದು ನಗುವ ಮಾತು ಎಂದು ಕಡೆಯ ತನಕವೂ ತಿಳಿಯಲಿಲ್ಲ. ಕಾಕಾ ಏಳಲಿಲ್ಲ ಎನ್ನುವುದಕ್ಕೆ ಆಕೆಯ ಮಟ್ಟಿಗೆ ಕಾಲಿಗೆ ಹಗ್ಗ ಕಟ್ಟಿದಷ್ಟೇ ಗಟ್ಟಿಯಾದ ಸಾಕ್ಷಿ ಅದು.

ನಗು ನಿಂತ ಮೇಲೆ ಅಧಿಕಾರಿ ಗಂಭೀರವಾದರು. ಗಂಡ ನೆನಪಿಲ್ಲ ಎಂದು ಹೇಳಿಕೆ ಕೊಟ್ಟಿದ್ದಾರೆ, ಹೆಂಡತಿ ಇಷ್ಟು ಸ್ಪಷ್ಟವಾಗಿ ಇದ್ದರು ಎನ್ನುತ್ತಿದ್ದಾರೆ. ಹಾಗಿದ್ದರೆ ಗಂಡನನ್ನು ಮತ್ತೆ ಕರೆಸಬೇಕಾಗುತ್ತದೆ. ವಿಚಾರಣೆಯಲ್ಲಿ ನಿಜ ಮುಚ್ಚಿದ್ದರೆ ಅವರ ಮೇಲೂ ಕ್ರಮ ಆಗುತ್ತದೆ. ಇದನ್ನು ನಾನು ಅವ್ವನಿಗೆ ಹೇಳಿದೆ. ಅವ್ವ “ಕರೀಲಿ” ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಎದ್ದು ನಿಂತಿದ್ದರು. ತೆಲುಗಿನಲ್ಲಿ, ಮೊದಲ ಸಲ ಸಣ್ಣ ದನಿಯಲ್ಲಿ, ನಾಲ್ಕು ಮಾತು ಹೇಳಿದರು. ಅಧಿಕಾರಿ ಅವರನ್ನು ಬಹಳ ಹೊತ್ತು ನೋಡಿ ನನಗೆ ಅಂದರು, “ಮೀ ಅಮ್ಮಕು ಚೆಪ್ಪಮ್ಮಾ.” ನಿಮ್ಮಮ್ಮನಿಗೆ ಹೇಳು.

“ಅವ್ವಾ, ನೀ ತಪ್ಪು ತಿಳ್ಕೊಂಡಿ ಅಂತಾರ ಕಾಕಾ. ನೀ ಹೇಳೂದು ಅದರ ಹಿಂದಿನ ಐತವಾರದ್ದಂತ. ಗಾಜು ಒಡದ ಐತವಾರ ಅವರು ನಮ್ಮನಿಗೆ ಬಂದೇ ಇಲ್ಲಂತ.”

ಅವ್ವ ಕಾಕಾನ ಕಡೆ ತಿರುಗಿದಳು.

“ಹಂಗಾರ ಜೋಮು ಹಿಡದಿದ್ದ ಕಾಲು ಯಾರದ್ರಿ?”

ಕಾಕಾ ನೆಲ ನೋಡಿದರು. ಆಕೆ ಏನಂದಳು ಎಂದು ಅಧಿಕಾರಿ ಕೇಳಿದರು. ನಾನು ಒಂದು ಮಾತು ಹೆಚ್ಚಿಲ್ಲದೆ, ಒಂದು ಮಾತು ಕಮ್ಮಿಯಿಲ್ಲದೆ ತಿರುಗಿಸಿ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಒಬ್ಬರು ನೆಲ ನೋಡುತ್ತಿದ್ದರು, ಇನ್ನೊಬ್ಬರು ಬೀರಿನ ಹಿಂದಿದ್ದರು.

ಮನೆಗೆ ಬಂದಾಗ ಆಯಿ ಬೇಯಿಸಿದ ಅನ್ನ ತಳ ಹತ್ತಿತ್ತು.

“ಹೇಳಿ ಬಂದೇನವ್ವಾ?”

“ಹೇಳಿ ಬಂದೆ.”

“ಮತ್ತ?”

“ನಾನ ಸುಳ್ಳಾದೆ.”

ಸಂಜೆ ಅಪ್ಪ ಬಂದು ಕೂಗಾಡಿದರು. ಮನೆಯ ಮಾನ ಹೋಯಿತು, ಕಚೇರಿಯಲ್ಲಿ ಎಲ್ಲರೂ ಅಮೆರಿಕದ ಪುರಾಣ ಎಂದು ನಗುತ್ತಿದ್ದಾರೆ, ಹೆಂಗಸಿಗೆ ಪಡಸಾಲೆಯಲ್ಲಿ ಜಾಗ ಕೊಟ್ಟಿದ್ದೇ ತಪ್ಪಾಯಿತು. ಮಲ್ಯಾ ಇದ್ದಾನೆಂದು ಬಚಾವಾದೆ ಎಂದೂ ಅಂದರು. ಹೇಳುವಾಗ ಅವರ ದನಿ ಒಡೆಯಿತು. ಇದಕ್ಕೂ ಅವರ ಬಳಿ ಕಣ್ಣೀರು ಇತ್ತು. ಅವ್ವ ತಳ ಹತ್ತಿದ ಅನ್ನವನ್ನು ಕೆರೆದು ಕೆರೆದು ಬೇರೆ ಪಾತ್ರೆಗೆ ಹಾಕುತ್ತಿದ್ದಳು. ಅವತ್ತಿನಿಂದ ಗಲ್ಲಿಯಲ್ಲಿಯೂ ಮಾತು ಹಬ್ಬಿತು. ಗಂಡನಿಗೆ ಎದುರಾಗಿ ಪರರಿಗಾಗಿ ಸುಳ್ಳುಸಾಕ್ಷಿ ಹೇಳಲು ಹೋದವಳು, ಆ ಪರರೇ ಅಲ್ಲಗಳೆದರು, ಯಾಕೆ ಹೋಗಿದ್ದಳೋ ಎಂದು ಬೀದಿ ನಲ್ಲಿಯ ಹತ್ತಿರ ಹೆಂಗಸರು ದನಿ ತಗ್ಗಿಸುತ್ತಿದ್ದರು. ಅವ್ವ ಕೊಡ ಹಿಡಿದು ಬಂದರೆ ಸುಮ್ಮನಾಗುತ್ತಿದ್ದರು.

ಕಾಕಾನ ನೌಕರಿ ಹೋಯಿತು. ಬೀದರಿನಲ್ಲಿ ತಮ್ಮನ ಅಂಗಡಿಯಲ್ಲಿ ಇರುತ್ತೇನೆಂದು ಹೇಳಿ ಹೋಗಲು ಒಂದು ಮಧ್ಯಾಹ್ನ ಬಂದರು. ಪಡಸಾಲೆಯಲ್ಲಿ ಅಪ್ಪ ಅವರನ್ನು ತಬ್ಬಿಕೊಂಡರು, ‘ನಿನ್ನಂಥ ಗೆಳೆಯನು ಯಾರಿಗೂ ಸಿಗಲಾರನು’ ಎಂದರು, ಗ್ರಂಥದ ಕನ್ನಡದಲ್ಲಿ. ಕಾಕಾ ಅಪ್ಪನ ಬೆನ್ನು ತಟ್ಟಿದರು. ಇಬ್ಬರೂ ಅತ್ತರು. ಕ್ಲಬ್‌ಹೌಸಿನ ಮಂದಿಗೆ ಈ ಕಥೆ ಹೇಳಿದರೆ ಅವರು ಅಪ್ಪನನ್ನು ಬೈದು ಕಾಕಾನಿಗಾಗಿ ಕಣ್ಣೊರೆಸಿಕೊಳ್ಳುತ್ತಾರೆ, ಅದು ನನಗೆ ಗೊತ್ತು. ಹೇಡಿಯಾದ ಗೆಳೆಯನನ್ನು ಉಳಿಸಲು ತನ್ನ ಅನ್ನ ಬಿಟ್ಟವನು ದೊಡ್ಡವನೇ. ನಾನು ಬಾಗಿಲಲ್ಲಿ ನಿಂತು ನೋಡಿದ್ದು ಬೇರೆ. ಇಬ್ಬರು ಗಂಡಸರು ಒಬ್ಬರಿಗೊಬ್ಬರು ಎಷ್ಟು ನಿಷ್ಠರಾಗಿದ್ದರೆಂದರೆ, ಆ ವಿಚಾರಣೆಯ ಕೋಣೆಯಲ್ಲಿ ಮೂರನೆಯವಳೊಬ್ಬಳು ಇದ್ದಳೆಂಬುದು ಇಬ್ಬರಿಗೂ ಕಾಣಲಿಲ್ಲ. ಅಪ್ಪನ ಮೇಲಿನ ತಿರಸ್ಕಾರ ನನಗೆ ಹಗುರ. ಕಾಕಾನ ಮೇಲಿನದು ಭಾರ, ಯಾಕೆಂದರೆ ಅವರನ್ನು ನಾನು ಪ್ರೀತಿಸುತ್ತಿದ್ದೆ.

ಅಪ್ಪ ಮುಖ ತೊಳೆಯಲು ಹಿಂದಕ್ಕೆ ಹೋದಾಗ ಕಾಕಾ ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದು ನಿಂತರು.

“ಬರ್ತೀನ್ರಿ ವೈನಿ. ಏನಾರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ.”

ಅವ್ವ ಒಲೆಯ ಮುಂದಿನಿಂದ ಎದ್ದಳು.

“ನನ್ನ ಯಾಕ ಸುಳ್ಳು ಮಾಡಿದ್ರಿ?”

“ನಿಮ್ಮ ಮಾತು ಖರೆ ಆಗಿದ್ರ ಬಸ್ಯಾಂದು ಸುಳ್ಳಾಗ್ತಿತ್ತಲ್ರಿ. ನಾಕು ಮಂದ್ಯಾಗ ಹೆಂಡತಿ ಮುಂದ ಸುಳ್ಳಾದ ಗಂಡಸು ಸಂಜಿಗೆ ಹೆಂಗ ಮನಿಗೆ ಬರ್ತಾನ್ರಿ? ನನ್ನದೇನು, ಒಬ್ಬಂಟಿಗ.”

“ಅವರು ಹೆಂಗ ಬರ್ತಾರ ಅಂತ ವಿಚಾರ ಮಾಡಿದ್ರಿ. ಭಾಳ ಛಲೋ ಆತು. ನಾ ಹೆಂಗ ಇರ್ಬೇಕು ಈ ಮನ್ಯಾಗ? ಅದನ್ನ ನಿಮ್ಮಿಬ್ಬರಾಗ ಯಾರು ವಿಚಾರ ಮಾಡಿದ್ರಿ, ಹೇಳಿ ಹೋಗ್ರಿ.”

ಕಾಕಾ ನನ್ನ ಕಡೆ ನೋಡಿದರು. ಆ ಮಾತನ್ನು ನಾನು ಅವರಿಗೆ ತಿಳಿಯುವ ಬೇರೊಂದು ಭಾಷೆಗೆ ತಿರುಗಿಸಿ ಹೇಳಲಿ ಎಂದು ಕಾಯುವವರಂತೆ ನೋಡಿದರು. ಅದು ಕನ್ನಡದಲ್ಲೇ ಇತ್ತು.